ದಿಮ್ಮಿಯ ಮನೆಯೂ ಭಾರವೆಳೆದ ಕುದುರೆಯೂ

ಅಬ್ರಹಾಂ ಲಿಂಕನ್ನನ ಜೀವನಚರಿತ್ರೆಯನ್ನು ಪಾಠಶಾಲೆಯಲ್ಲಿ ಓದದೆ ಬಂದ ವಿದ್ಯಾವಂತರು ನಮ್ಮಲ್ಲಿ ವಿರಳ. ಆ ಚರಿತ್ರೆ ಸಾಮಾನ್ಯವಾಗಿ ಒಂದೇ ಚಿತ್ರದಿಂದ ಮೊದಲಾಗುತ್ತದೆ. ಕಾಡನ್ನು ಕಡಿದು ಮಾಡಿದ ಒಂದು ಸಣ್ಣ ಬಯಲು. ಆ ಬಯಲಿನಲ್ಲಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಒಂದೇ ಕೋಣೆಯ ಮನೆ. ಒಳಗೆ ಒಲೆಯ ಬೆಳಕಿನಲ್ಲಿ ಪುಸ್ತಕ ಹಿಡಿದು ಕುಳಿತ ಬಾಲಕ. ಆ ಬಾಲಕನು ಮುಂದೆ ರಾಷ್ಟ್ರದ ಅಧ್ಯಕ್ಷನಾದನೆಂಬುದು ಕಥೆಯ ನೀತಿ. ದಿಮ್ಮಿಯ ಮನೆ ಹೀಗೆ ಸ್ವಾವಲಂಬನೆಗೆ ಮತ್ತೊಂದು ಹೆಸರಾಗಿ ನಮ್ಮ ಮನಸ್ಸಿನಲ್ಲಿ ನಿಂತಿದೆ. ಒಬ್ಬ ಮನುಷ್ಯ, ಒಂದು ಕೊಡಲಿ, ಎದುರಿಗೆ ಅಪಾರವಾದ ಅರಣ್ಯ. ಇಷ್ಟರಿಂದಲೇ ಆ ಮನೆ ಎದ್ದಿತೆಂದು ನಾವು ಭಾವಿಸಿಕೊಂಡಿರುತ್ತೇವೆ.

ಲಿಂಕನ್ನನು ೧೮೦೯ನೆಯ ಇಸವಿ ಫೆಬ್ರವರಿ ೧೨ರಂದು ಕೆಂಟಕಿ ಪ್ರಾಂತದಲ್ಲಿ ಹುಟ್ಟಿದನು. ಅವನು ಹುಟ್ಟಿದ ಸ್ಥಳದಲ್ಲಿ ಒಂದು ಸ್ಮಾರಕ ಮಂದಿರವಿದೆ. ೧೯೦೯ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ಅದಕ್ಕೆ ಅಸ್ತಿಭಾರವಿಟ್ಟನು. ೧೯೧೧ರಲ್ಲಿ ಅಧ್ಯಕ್ಷ ಟಾಫ್ಟನು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದನು. ಗ್ರೀಕರ ದೇವಾಲಯದ ಮಾದರಿಯಲ್ಲಿ ಕಲ್ಲಿನಿಂದ ಕಟ್ಟಿದ ಆ ಮಂದಿರಕ್ಕೆ ೫೬ ಮೆಟ್ಟಿಲುಗಳು. ಲಿಂಕನ್ನನು ಬದುಕಿದ್ದ ವರ್ಷಗಳೂ ಅಷ್ಟೇ. ಗರ್ಭಗುಡಿಯಲ್ಲಿ ವಿಗ್ರಹವಿರುವಂತೆ ಒಳಗೆ ಒಂದು ದಿಮ್ಮಿಯ ಮನೆಯನ್ನು ನಿಲ್ಲಿಸಿದ್ದಾರೆ. ಆದರೆ ನಿಲ್ಲಿಸುವ ಕಾಲಕ್ಕೆ ಒಂದು ತೊಡಕು ಕಂಡಿತು. ಮನೆ ಒಳಗಿದ್ದರೆ ನೋಡಲು ಬಂದವರು ಸುತ್ತಾಡುವುದಕ್ಕೆ ಎಡೆ ಸಾಲದು. ಆದುದರಿಂದ ದಿಮ್ಮಿಗಳನ್ನೇ ಕತ್ತರಿಸಿ ಮನೆಯನ್ನು ಚಿಕ್ಕದು ಮಾಡಿದರು. ಇದೂ ಸಾಲದೆಂಬಂತೆ, ೨೦೦೪ರಲ್ಲಿ ವಿದ್ವಾಂಸರು ಆ ದಿಮ್ಮಿಗಳ ಒಳಗಿನ ವರ್ಷದ ಉಂಗುರಗಳನ್ನು ಎಣಿಸಿ ನೋಡಿದಾಗ, ಆ ಮರಗಳನ್ನು ಕಡಿದದ್ದು ೧೮೪೦ರ ದಶಕಕ್ಕಿಂತ ಹಿಂದೆ ಅಲ್ಲವೆಂದು ತಿಳಿದುಬಂದಿತು. ಆ ವೇಳೆಗೆ ಲಿಂಕನ್ನನು ಮೂವತ್ತು ದಾಟಿದ ವಕೀಲನಾಗಿದ್ದನು.

ಇದು ಯಾರನ್ನಾದರೂ ಹಾಸ್ಯಮಾಡುವುದಕ್ಕಾಗಿ ಹೇಳಿದ ಮಾತಲ್ಲ. ಸ್ಮಾರಕಕ್ಕೆ ಹೊಂದುವಂತೆ ಮನೆಯನ್ನು ಕತ್ತರಿಸಿದ ಹಾಗೆಯೇ ನಮ್ಮ ನೆನಪಿಗೆ ಹೊಂದುವಂತೆ ಅದರ ಚರಿತ್ರೆಯನ್ನೂ ಕತ್ತರಿಸಿದ್ದೇವೆ. ಹಾಗೆ ಕತ್ತರಿಸಿ ಎಸೆದ ತುಂಡುಗಳನ್ನು ಆಯ್ದು ಮತ್ತೆ ಜೋಡಿಸಿ, ಆ ಮನೆಯನ್ನು ಕಟ್ಟಿದವರು ಯಾರು, ಮರವನ್ನು ಎಳೆದು ತಂದವರು ಯಾರು, ಆ ಮರ ಯಾರ ಕಾಡಿನದು ಎಂದು ವಿಚಾರಮಾಡುವುದು ಪ್ರಕೃತ ಭಾಷಣದ ಉದ್ದೇಶ.

ಮೊದಲು ಕಟ್ಟುವ ವಿದ್ಯೆಯನ್ನೇ ನೋಡೋಣ. ೧೬೦೭ರಲ್ಲಿ ಜೇಮ್ಸ್‌ಟೌನಿಗೂ ೧೬೨೦ರಲ್ಲಿ ಪ್ಲಿಮತ್ತಿಗೂ ಬಂದಿಳಿದ ಇಂಗ್ಲಿಷರು ಕಾಡಿಗೆ ಕಾಲಿಟ್ಟೊಡನೆ ದಿಮ್ಮಿಯ ಮನೆ ಕಟ್ಟಿಕೊಂಡರೆಂದು ಬಹುಕಾಲ ಚಿತ್ರಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ತೋರಿಸುತ್ತಿದ್ದರು. ಇದು ನಿಜವಲ್ಲವೆಂದು ಹೆರಲ್ಡ್ ಶರ್ಟ್ಲೆಫ್ ಎಂಬ ವಿದ್ವಾಂಸನು ಬರೆದ ಗ್ರಂಥವು ೧೯೩೯ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಆ ವೇಳೆಗೆ ದೊಡ್ಡ ಮರಗಳು ಅಪರೂಪವಾಗಿದ್ದುವು. ಅಲ್ಲಿಯ ಜನ ಕಂಬ ತೊಲೆಗಳ ಚೌಕಟ್ಟನ್ನು ನಿಲ್ಲಿಸಿ ನಡುವೆ ತಡಿಕೆ ಕಟ್ಟಿ ಮಣ್ಣು ಮೆತ್ತುತ್ತಿದ್ದರು. ಹೊಸ ನಾಡಿಗೆ ಬಂದ ಮೇಲೂ ಅವರು ಅದನ್ನೇ ಮಾಡಿದರು. ಇಡಿಯ ಮರವನ್ನು ಮಲಗಿಸಿ ಗೋಡೆ ಮಾಡಬಹುದೆಂಬ ಆಲೋಚನೆ ಅವರಿಗೆ ವಂಶಪಾರಂಪರ್ಯವಾಗಿ ಬಂದದ್ದಲ್ಲ.

ಆ ವಿದ್ಯೆಯನ್ನು ಹಡಗಿನಲ್ಲಿ ತಂದವರು ಬೇರೆಯವರು. ೧೬೩೮ರಲ್ಲಿ ಸ್ವೀಡನ್ ರಾಜ್ಯದವರು ಡೆಲವೇರ್ ನದಿಯ ತೀರದಲ್ಲಿ ಒಂದು ಚಿಕ್ಕ ವಸಾಹತನ್ನು ಸ್ಥಾಪಿಸಿದರು. ಹದಿನೇಳು ವರ್ಷವಾದ ಮೇಲೆ, ಅಂದರೆ ೧೬೫೫ರಲ್ಲಿ, ಅದು ಡಚ್ಚರ ಪಾಲಾಯಿತು. ರಾಜಕೀಯ ಚರಿತ್ರೆಯಲ್ಲಿ ಈ ವಸಾಹತಿಗೆ ಒಂದು ಪುಟಕ್ಕಿಂತ ಹೆಚ್ಚು ಎಡೆಯಿಲ್ಲ. ಗೃಹನಿರ್ಮಾಣದ ಚರಿತ್ರೆಯಲ್ಲಾದರೋ ಇದರ ಸ್ಥಾನ ದೊಡ್ಡದು. ಅಲ್ಲಿಗೆ ಬಂದವರಲ್ಲಿ ಫಿನ್ನರು ಅನೇಕರಿದ್ದರು. ಇವರು ಕಾಡನ್ನು ಕಡಿದು ಸುಟ್ಟು, ಆ ಬೂದಿಯಲ್ಲಿ ರೈ ಧಾನ್ಯವನ್ನು ಬಿತ್ತಿ, ನೆಲದ ಸಾರ ಕುಂದಿದಾಗ ಮುಂದಕ್ಕೆ ಹೋಗುವ ಜನ. ನಮ್ಮ ಮಲೆನಾಡಿನ ಕುಮರಿ ಬೇಸಾಯವನ್ನು ಬಲ್ಲವರಿಗೆ ಇವರ ಬಾಳುವೆಯನ್ನು ವಿವರಿಸಬೇಕಾಗಿಲ್ಲ. ಕುಮರಿಯವರ ಮೇಲೆ ಆಂಗ್ಲ ಸರ್ಕಾರಕ್ಕೆ ಮುನಿಸು ಬಂದಂತೆಯೇ ಈ ಫಿನ್ನರ ಮೇಲೆ ಸ್ವೀಡನ್ನಿನ ಸರ್ಕಾರಕ್ಕೂ ಮುನಿಸು ಬಂದಿದ್ದಿತು. ಕಾಡು ಸುಟ್ಟ ಅಪರಾಧಕ್ಕಾಗಿ ಕೆಲವರನ್ನು ಸಮುದ್ರದಾಚೆಗೆ ಸಾಗಹಾಕಿದರು. ಹೀಗೆ ತನ್ನ ನಾಡಿಗೆ ಬೇಡವಾಗಿ ಹೊರಟ ಜನ ಹೊಸ ನಾಡಿಗೆ ಅದರ ಮುದ್ದಿನ ಮನೆಯನ್ನು ಕೊಟ್ಟಿತು. ಮುಂದೆ ಪೆನ್ಸಿಲ್ವೇನಿಯಕ್ಕೆ ಬಂದ ಜರ್ಮನರೂ ಸ್ವಿಸ್ ಜನರೂ ತಮ್ಮ ತಮ್ಮ ರೀತಿಯ ದಿಮ್ಮಿ ಕೆಲಸವನ್ನು ತಂದು ಸೇರಿಸಿದರು. ಹದಿನೆಂಟನೆಯ ಶತಮಾನದಲ್ಲಿ ಐರ್ಲೆಂಡಿನ ಉತ್ತರಭಾಗದಿಂದ ಬಂದ ಸ್ಕಾಟರು ಇದನ್ನು ಕಲಿತು ಅಪಲೇಚಿಯನ್ ಪರ್ವತಗಳ ಕಣಿವೆಗಳಲ್ಲೆಲ್ಲ ಹರಡಿದರು. ಲಿಂಕನ್ನನ ತಂದೆಯ ಕಾಲಕ್ಕೆ ಅದು ಗಡಿನಾಡಿನವರೆಲ್ಲರ ವಿದ್ಯೆಯಾಗಿದ್ದಿತು.

ಇನ್ನು ಕಟ್ಟುವ ಕ್ರಮ. ಚಳಿಗಾಲದಲ್ಲಿ ಮರದ ರಸ ಇಳಿದಿರುವಾಗ ಕಡಿಯುವುದು ವಾಡಿಕೆ. ಆಗ ಕಡಿದ ಮರಕ್ಕೆ ಹುಳುವಿನ ಕಾಟ ಕಡಮೆ. ಬೇಸಾಯದ ಕೆಲಸವೂ ಇರುವುದಿಲ್ಲ. ನೆಲ ಹೆಪ್ಪುಗಟ್ಟಿರುವುದರಿಂದ ಮರವನ್ನು ಎಳೆಯುವುದೂ ಹಗುರ. ತೀರ ದೊಡ್ಡ ಮರಗಳು ಈ ಕೆಲಸಕ್ಕೆ ಬಾರವು. ಅಡಿಯೊಂದರಷ್ಟು ದಪ್ಪವಾಗಿ, ಬುಡದಿಂದ ತುದಿಯವರೆಗೆ ಹೆಚ್ಚು ಸಣ್ಣಗಾಗದೆ, ನೆಟ್ಟಗೆ ಬೆಳೆದ ಮರಗಳನ್ನೇ ಆರಿಸಬೇಕು. ಎಂಟಡಿ ಎತ್ತರದ ಗೋಡೆಗೆ ಅಡಿ ದಪ್ಪದ ದಿಮ್ಮಿಗಳಾದರೆ ಒಂದೊಂದು ಪಕ್ಕಕ್ಕೆ ಎಂಟರಂತೆ ೩೨ ದಿಮ್ಮಿಗಳು. ಮೇಲಣ ತ್ರಿಕೋಣದ ಗೋಡೆ, ಜಂತಿ, ನೆಲಗಟ್ಟುಗಳನ್ನು ಸೇರಿಸಿದರೆ ನಲವತ್ತೈದು ಐವತ್ತು ಮರಗಳಾದರೂ ಬೇಕು.

ಕಡಿಯುವ ಕೆಲಸವನ್ನು ಒಬ್ಬ ಗಟ್ಟಿಗನು ಕೆಲವು ದಿನಗಳಲ್ಲಿ ಮಾಡಿಯಾನು. ಕಡಿದು ಬಿದ್ದ ಮರ ಇದ್ದಲ್ಲಿಂದ ಮನೆಯ ಜಾಗಕ್ಕೆ ಬರುವುದು ಹೇಗೆ? ಕಥೆ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಆದರೆ ಮನೆ ನಿಜವಾಗಿ ಆಗುವುದೋ ಬಿಡುವುದೋ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ. ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಅಡಿ ದಪ್ಪ, ೧೮ ಅಡಿ ಉದ್ದದ ದಿಮ್ಮಿಯೊಂದರಲ್ಲಿ ಹದಿನಾಲ್ಕು ಘನ ಅಡಿಯ ಮರವಿರುತ್ತದೆ. ಹಸಿಯ ಬಿಳಿ ಓಕ್ ಮರ ಘನ ಅಡಿಗೆ ಅರವತ್ತು ಪೌಂಡಿಗೂ ಮೇಲ್ಪಟ್ಟು ತೂಗುವುದರಿಂದ, ಒಂದು ದಿಮ್ಮಿಯ ತೂಕ ಎಂಟುನೂರೈವತ್ತು ಪೌಂಡಿಗೆ ಕಡಮೆಯಾಗದು. ಹಗುರವೆನಿಸಿಕೊಂಡ ಬಿಳಿ ಪೈನ್ ಕೂಡ ಐನೂರು ಪೌಂಡು ತೂಗುತ್ತದೆ. ಇಂಥದನ್ನು ಒಬ್ಬನು, ಇಬ್ಬರು, ನಾಲ್ವರು ಹೊತ್ತು ತರುವ ಮಾತೇ ಇಲ್ಲ. ಬರಿಯ ನೆಲದ ಮೇಲೆ ಎಳೆಯಬೇಕಾದರೆ ತೂಕದ ಅರ್ಧದಷ್ಟು ಬಲ ಬೇಕಾಗುತ್ತದೆಯೆಂದು ಇಟ್ಟುಕೊಳ್ಳಬಹುದು. ದಿನವೆಲ್ಲ ದುಡಿಯುವ ಕುದುರೆ ತನ್ನ ತೂಕದ ಹತ್ತನೆಯ ಒಂದು ಭಾಗದಷ್ಟು ಬಲವನ್ನು ಸತತವಾಗಿ ಕೊಡಬಲ್ಲುದು. ಕ್ಷಣಕಾಲ ಮಾತ್ರ ಅದರ ಹಲವು ಪಾಲು ಹೆಚ್ಚಾಗಿ ಎಳೆಯಬಲ್ಲುದು. ಆದುದರಿಂದಲೇ ಕಾಡಿನಲ್ಲಿ ಮರವನ್ನು ಎಳೆಯುವ ಕ್ರಮ ರಸ್ತೆಯ ಮೇಲಿನ ಗಾಡಿಯ ಕ್ರಮದಂತಲ್ಲ. ಸ್ವಲ್ಪ ದೂರ ಎಳೆಯುವುದು, ನಿಲ್ಲುವುದು, ಉಸಿರು ಬಿಡುವುದು, ಮತ್ತೆ ಎಳೆಯುವುದು. ದಿಮ್ಮಿಯ ಮುಂದಿನ ತುದಿ ನೆಲಕ್ಕೆ ಚುಚ್ಚಿಕೊಳ್ಳದಂತೆ ಅದನ್ನು ಸ್ವಲ್ಪ ಮೇಲೆತ್ತಿ ಸರಪಳಿ ಬಿಗಿಯುವುದರಲ್ಲಿ ಹೊಡೆಯುವವನ ಜಾಣ್ಮೆಯಿದೆ. ಬುಡ್ಡೆಗೆ ತಗಲಿ ಮರ ನಿಂತಾಗ ಜಗ್ಗದೆ ತಡೆದು, ಮಾತಿಗೆ ಕಾದು ನಿಲ್ಲುವುದರಲ್ಲಿ ಕುದುರೆಯ ಜಾಣ್ಮೆಯಿದೆ.

ಸತ್ಯಕ್ಕಾಗಿ ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಮೊದಮೊದಲ ಗಡಿನಾಡಿಗರಲ್ಲಿ ಬಹುಮಂದಿಗೆ ಈ ಕೆಲಸ ಮಾಡಿಕೊಟ್ಟದ್ದು ಎತ್ತು. ಎತ್ತು ಕಾಡಿನ ಹುಲ್ಲನ್ನು ತಿಂದು ಬದುಕುತ್ತದೆ, ಅದರ ನೊಗವನ್ನು ಮನೆಯಲ್ಲಿಯೇ ಕೆತ್ತಿಕೊಳ್ಳಬಹುದು, ಅದಕ್ಕೆ ಆತುರವಿಲ್ಲ. ಕುದುರೆಗೆ ಓಟ್ ಧಾನ್ಯ ಬೇಕು, ತೊಗಲಿನ ಸಜ್ಜು ಬೇಕು, ಲಾಳ ಬೇಕು. ಆದರೆ ಅದರ ನಡೆ ಚುರುಕು. ಉಳುವುದಕ್ಕೂ ಸಂತೆಗೂ ಚರ್ಚಿಗೂ ಅದೇ ಆಗುತ್ತದೆ. ಪೆನ್ಸಿಲ್ವೇನಿಯದ ಜರ್ಮನರು ಹದಿನೆಂಟನೆಯ ಶತಮಾನದಲ್ಲಿಯೇ ಕಾನೆಸ್ಟೋಗ ಎಂಬ ದೊಡ್ಡ ಮೈಕಟ್ಟಿನ ಕುದುರೆಗಳನ್ನು ಸಾಕುತ್ತಿದ್ದರು. ೧೮೩೯ರಲ್ಲಿ ಫ್ರಾನ್ಸಿನಿಂದ ಪರ್ಶೆರಾನ್ ತಳಿಯ ಕುದುರೆಗಳು ಬಂದುವು. ಆಮೇಲೆ ಬೆಲ್ಜಿಯಮ್ಮಿನ ಕುದುರೆಗಳು ಬಂದುವು. ನಮ್ಮ ಮೈಸೂರಿನ ಬೀದಿಗಳ ಜಟಕಾ ಕುದುರೆಯನ್ನು ಮಾತ್ರ ನೋಡಿದವರು ಇವುಗಳ ಗಾತ್ರವನ್ನು ಊಹಿಸುವುದು ಕಷ್ಟ. ಜಟಕಾ ಕುದುರೆಗಳು ಎರಡನ್ನು ಒಟ್ಟಿಗೆ ತೂಗಿದರೂ ಒಂದು ದೊಡ್ಡ ಪರ್ಶೆರಾನಿಗೆ ಸಮನಾಗಲಾರವು. ಈ ಭಾರವೆಲ್ಲ ಕೆಲಸಕ್ಕೆ ಬರುವುದು ಕೊರಳಪಟ್ಟಿಯ ಮೂಲಕ. ಹುಲ್ಲು ತುಂಬಿ ಮೆತ್ತೆ ಮಾಡಿದ ಆ ಪಟ್ಟಿ ಭಾರವನ್ನು ಗಂಟಲಿನ ಮೇಲೆ ಬೀಳಗೊಡದೆ ಹೆಗಲಿನ ಮೇಲೆ ನಿಲ್ಲಿಸುತ್ತದೆ. ಚೀನೀಯರು ಮೊದಲು ಕಂಡುಕೊಂಡ ಈ ಉಪಾಯ ಮಧ್ಯಯುಗದಲ್ಲಿ ಯೂರೋಪಿಗೆ ಬಂದು, ಅಲ್ಲಿಂದ ಅಮೆರಿಕದ ಕಾಡಿಗೆ ಹೋಯಿತು.

ಇಷ್ಟನ್ನು ತಿಳಿದ ಮೇಲೆ ದಿಮ್ಮಿಯ ಮನೆಯ ಅಳತೆ ಏಕೆ ಹಾಗಿರುತ್ತದೆಂಬುದು ತಾನಾಗಿ ವಿಶದವಾಗುತ್ತದೆ. ಹದಿನಾರು ಅಡಿ, ಹದಿನೆಂಟು ಅಡಿ, ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತನಾಲ್ಕು ಅಡಿ. ಅದಕ್ಕಿಂತ ಉದ್ದವಾದ ಮನೆ ಅಪೂರ್ವ. ಮರ ಉದ್ದವಾದಷ್ಟೂ ತುದಿ ಸಣ್ಣಗಾಗುತ್ತದೆ, ತೂಕ ಏರುತ್ತದೆ. ಒಂದು ಜೋಡಿ ಪ್ರಾಣಿ ಎಳೆಯಲಾರದ್ದನ್ನು, ನೆರೆಯವರು ಎತ್ತಲಾರದ್ದನ್ನು ಗೋಡೆಗೆ ಏರಿಸುವುದು ಸಾಧ್ಯವಿರಲಿಲ್ಲ. ಕುಟುಂಬ ಬೆಳೆದು ಮತ್ತೊಂದು ಕೋಣೆ ಬೇಕಾದರೆ ಗೋಡೆಯನ್ನು ಉದ್ದಮಾಡುತ್ತಿರಲಿಲ್ಲ. ಪಕ್ಕದಲ್ಲಿ ಅಷ್ಟೇ ಅಳತೆಯ ಇನ್ನೊಂದು ಮನೆಯನ್ನು ಕಟ್ಟಿ, ನಡುವಣ ಬಯಲಿಗೆ ಮಾಡು ಹಾಕಿ ಹಜಾರ ಮಾಡಿಕೊಳ್ಳುತ್ತಿದ್ದರು. ಮನುಷ್ಯನ ಆಸೆ ದೊಡ್ಡದೇ ಆಗಿದ್ದಿತು. ಮನೆಯ ಅಳತೆಯನ್ನು ಗೊತ್ತುಮಾಡಿದ್ದು ಪ್ರಾಣಿಯ ಹೆಗಲು.

ದಿಮ್ಮಿಗಳು ಬಂದು ಬಿದ್ದ ಮೇಲೆ ಕೆಲಸ ನೆರೆಹೊರೆಯವರದು. ಗೊತ್ತಾದ ದಿನ ಸುತ್ತಲಿನ ಮನೆಗಳಿಂದ ಗಂಡಸರು ಕೊಡಲಿ ಹಿಡಿದು ಬರುವರು. ನಾಲ್ಕು ಮೂಲೆಗಳಿಗೆ ನಾಲ್ವರು ನಿಪುಣರು ಕುಳಿತುಕೊಳ್ಳುವರು. ಉಳಿದವರು ಎರಡು ಓರೆಯ ಕಂಬಗಳನ್ನು ಗೋಡೆಗೆ ಆನಿಸಿ, ದಿಮ್ಮಿಯನ್ನು ಅವುಗಳ ಮೇಲೆ ಉರುಳಿಸುತ್ತ, ಹಗ್ಗದಿಂದ ಎಳೆದೂ ಕವೆಗೋಲಿನಿಂದ ನೂಕಿಯೂ ಮೇಲೇರಿಸುವರು. ಮೂಲೆಯವನು ದಿಮ್ಮಿಯ ತುದಿಯಲ್ಲಿ ಕಚ್ಚು ಕಡಿದು ಕೆಳಗಿನದರ ಮೇಲೆ ಕೂರಿಸುವನು. ಮನೆಯ ಬಾಳಿಕೆಯೆಲ್ಲ ಈ ಕಚ್ಚಿನಲ್ಲಿದೆ. ಮೊಳೆಯ ಕೆಲಸವಿಲ್ಲ, ಮೇಲಿನ ಭಾರವೇ ಕೆಳಗಿನ ಕೂಡಿಕೆಯನ್ನು ಬಿಗಿಮಾಡುತ್ತದೆ. ಕಚ್ಚನ್ನು ಮೇಲುಮುಖವಾಗಿ ಬಟ್ಟಲಿನಂತೆ ಕಡಿದರೆ ಮಳೆಯ ನೀರು ನಿಂತು ಮರ ಕೊಳೆಯುತ್ತದೆ. ಕೆಳಮುಖವಾಗಿ ಕಡಿದರೆ ನೀರು ಜಾರಿ ಹೋಗುತ್ತದೆ. ಬಲ್ಲವರ ಮನೆ ನೂರು ವರ್ಷ ನಿಂತುದಕ್ಕೂ ಅರಿಯದವರ ಮನೆ ಬೇಗನೆ ಕುಸಿದುದಕ್ಕೂ ಇಂಥ ಸಣ್ಣ ವಿಷಯಗಳೇ ಕಾರಣ. ಹೆಂಗಸರು ಅಷ್ಟು ಮಂದಿಗೂ ಅಡಿಗೆ ಮಾಡುವರು. ಗೋಡೆಗಳು ಒಂದೆರಡು ದಿನಗಳಲ್ಲಿ ನಿಲ್ಲುವುವು. ಇದಕ್ಕೆ ಕೂಲಿಯಿಲ್ಲ, ನಾಳೆ ಇನ್ನೊಬ್ಬನ ಮನೆ ಏಳುವಾಗ ಇವನೂ ಹೋಗಬೇಕು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಮುಯ್ಯಾಳು ಎಂಬ ಮಾತಿದೆ. ಸ್ವಾವಲಂಬನೆಗೆ ನಿದರ್ಶನವೆಂದು ನಾವು ಹೇಳಿಕೊಂಡು ಬಂದ ಮನೆ ಮುಯ್ಯಾಳಿನಿಂದ ಎದ್ದ ಮನೆ.

ಮಿಕ್ಕದ್ದನ್ನು ಮನೆಯವರು ನಿಧಾನವಾಗಿ ಮಾಡಿಕೊಳ್ಳುವರು. ದಿಮ್ಮಿಗಳ ನಡುವಣ ಸಂದುಗಳಿಗೆ ಮರದ ಚಕ್ಕೆಗಳನ್ನು ತುರುಕಿ, ಹುಲ್ಲು ಬೆರೆಸಿದ ಮಣ್ಣನ್ನು ಮೆತ್ತುವರು. ಮಾಡಿಗೆ ಓಕ್ ಮರದ ಸೀಳು ಹಲಗೆ. ಅದು ಗಾಳಿಗೆ ಹಾರದಂತೆ ಮೇಲೆ ಅಡ್ಡ ಗಳುಗಳ ಹೇರು. ಹೊಗೆಗೂಡನ್ನು ಕಲ್ಲು ಸಿಕ್ಕದ ಕಡೆ ಕಡ್ಡಿ ಮಣ್ಣಿನಿಂದಲೇ ಕಟ್ಟುವರು. ಅದಕ್ಕೆ ಬೆಂಕಿ ತಗಲುವುದು ಸಾಮಾನ್ಯವಾದುದರಿಂದ ಅದನ್ನು ಮನೆಯಿಂದ ಆಚೆಗೆ ಕೆಡಹುವುದಕ್ಕೆ ಅನುಕೂಲವಾಗಿ ಓರೆಯಾಗಿ ನಿಲ್ಲಿಸುವುದೂ ಉಂಟು. ಗಾಜಿಲ್ಲದ ಕಿಟಕಿಗೆ ಕೊಬ್ಬು ಸವರಿದ ಕಾಗದ. ಒಳಗೆ ಹೊಗೆ, ಕತ್ತಲೆ, ಚಳಿ. ಇದನ್ನು ಕಟ್ಟಿದವರಿಗೆ ಇದರ ಮೇಲೆ ಮೋಹವಿರಲಿಲ್ಲ. ನಾಲ್ಕು ಕಾಸು ಕೂಡಿದೊಡನೆ ಹಲಗೆಯ ಮನೆಯನ್ನೋ ಇಟ್ಟಿಗೆಯ ಮನೆಯನ್ನೋ ಕಟ್ಟಿಕೊಂಡು, ದಿಮ್ಮಿಯ ಮನೆಯನ್ನು ಅಡಿಗೆಮನೆಗೋ ಕೊಟ್ಟಿಗೆಗೋ ಬಿಟ್ಟುಬಿಡುತ್ತಿದ್ದರು.

ಹಾಗಾದರೆ ಮೋಹ ಎಲ್ಲಿಂದ ಬಂದಿತು? ಅದು ಕಾಡಿನಲ್ಲಿ ಹುಟ್ಟಲಿಲ್ಲ, ಪೇಟೆಯಲ್ಲಿ ಹುಟ್ಟಿತು. ೧೮೪೦ರ ಅಧ್ಯಕ್ಷರ ಚುನಾವಣೆಯಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಅಭ್ಯರ್ಥಿಯಾಗಿ ನಿಂತಾಗ, ಒಂದು ವಿರೋಧ ಪತ್ರಿಕೆ ಈ ಮುದುಕನಿಗೆ ಒಂದು ಪೀಪಾಯಿ ಸೇಬಿನ ಮದ್ಯವನ್ನೂ ಒಂದು ದಿಮ್ಮಿಯ ಮನೆಯನ್ನೂ ಕೊಟ್ಟರೆ ಸಾಕು, ಅಲ್ಲಿಯೇ ಸುಖವಾಗಿರುತ್ತಾನೆ ಎಂಬರ್ಥದ ಹಾಸ್ಯಮಾಡಿತು. ಅವನ ಪಕ್ಷದವರು ಆ ಹಾಸ್ಯವನ್ನೇ ಧ್ವಜವಾಗಿ ಎತ್ತಿಕೊಂಡರು. ಊರೂರಿನಲ್ಲಿ ದಿಮ್ಮಿಯ ಮನೆಗಳನ್ನು ಗಾಡಿಗಳ ಮೇಲಿಟ್ಟು ಮೆರವಣಿಗೆ ಮಾಡಿದರು. ಹ್ಯಾರಿಸನ್ನನು ಹುಟ್ಟಿದ್ದಾದರೋ ವರ್ಜೀನಿಯದ ಒಬ್ಬ ದೊಡ್ಡ ಜಮೀನುದಾರನ ಮಹಡಿಯ ಮನೆಯಲ್ಲಿ. ಅದೇ ಪಕ್ಷದ ಪ್ರಸಿದ್ಧ ವಾಗ್ಮಿ ಡೇನಿಯಲ್ ವೆಬ್‌ಸ್ಟರನು ತಾನು ದಿಮ್ಮಿಯ ಮನೆಯಲ್ಲಿ ಹುಟ್ಟಲಿಲ್ಲವಲ್ಲಾ ಎಂದು ಸಭೆಯಲ್ಲಿ ವಿಷಾದಪಟ್ಟು, ತನ್ನ ಅಣ್ಣ ಅಕ್ಕಂದಿರಾದರೂ ಅಲ್ಲಿ ಹುಟ್ಟಿದರೆಂದು ಸಮಾಧಾನ ಹೇಳಿಕೊಂಡನು. ಹ್ಯಾರಿಸನ್ನನು ಗೆದ್ದು, ಅಧಿಕಾರ ವಹಿಸಿದ ಒಂದು ತಿಂಗಳಿಗೆ ತೀರಿಕೊಂಡನು. ದಿಮ್ಮಿಯ ಮನೆ ಮಾತ್ರ ಅಂದಿನಿಂದ ರಾಜಕೀಯದಲ್ಲಿ ಉಳಿದುಕೊಂಡಿತು. ಲಿಂಕನ್ನನ ಬಾಲ್ಯದ ಬಡತನ ನಿಜವಾದದ್ದೇ. ಆದರೆ ಆ ಬಡತನಕ್ಕೆ ಪೂಜ್ಯತೆ ಬಂದದ್ದು, ಅದನ್ನು ಇರಿಸಲು ಪೀಠ ಆಗಲೇ ಸಿದ್ಧವಾಗಿದ್ದುದರಿಂದ.

ಪೀಠದ ಮೇಲೆ ಏರಿದ ಮನೆಗಳ ಪಕ್ಕದಲ್ಲಿ, ಏರದೆ ಉಳಿದ ಮನೆಗಳೂ ಇದ್ದುವು. ಬುಕರ್ ಟಿ. ವಾಷಿಂಗ್ಟನ್ ಮಹಾಶಯನು ವರ್ಜೀನಿಯದಲ್ಲಿ ೧೮೫೬ರ ಸುಮಾರಿನಲ್ಲಿ ಗುಲಾಮನಾಗಿ ಹುಟ್ಟಿದನು. ೧೯೦೧ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಲ್ಲಿ ಅವನು ತಾನು ಹುಟ್ಟಿದ ಮನೆಯನ್ನು ವರ್ಣಿಸಿದ್ದಾನೆ. ಅದೂ ದಿಮ್ಮಿಯ ಮನೆಯೇ, ಹದಿನಾಲ್ಕಕ್ಕೆ ಹದಿನಾರು ಅಡಿ, ಗಾಜಿಲ್ಲದ ಕಿಟಕಿ, ಮಣ್ಣಿನ ನೆಲ. ಅಳತೆಯಲ್ಲಿಯೂ ಕಟ್ಟಡದಲ್ಲಿಯೂ ಲಿಂಕನ್ನನ ಮನೆಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಆದರೆ ಒಂದರ ಬಾಗಿಲಿನಿಂದ ಹುಡುಗನು ಇಷ್ಟಬಂದ ಕಡೆಗೆ ಹೊರಡಬಹುದಾಗಿತ್ತು. ಇನ್ನೊಂದರ ಬಾಗಿಲಿನಲ್ಲಿ ಯಜಮಾನನ ಲೆಕ್ಕದ ಪುಸ್ತಕ ನಿಂತಿದ್ದಿತು. ದಿಮ್ಮಿಯ ಮನೆಯಲ್ಲಿ ಸ್ವಾತಂತ್ರ್ಯವನ್ನು ಮಾತ್ರ ಕಾಣುವವರು ಈ ಎರಡನೆಯ ಬಾಗಿಲನ್ನು ಮರೆಯಬಾರದು.

ಚೆರೋಕೀ ಜನರ ಚರಿತ್ರೆ ಇನ್ನೂ ಕಠಿನವಾದದ್ದು. ಆ ಮೂಲನಿವಾಸಿಗಳು ಹತ್ತೊಂಬತ್ತನೆಯ ಶತಮಾನದ ಆರಂಭದ ವೇಳೆಗೆ ದಿಮ್ಮಿಯ ಮನೆಗಳನ್ನು ಕಟ್ಟಿಕೊಂಡು, ಹಣ್ಣಿನ ತೋಟಗಳನ್ನು ಬೆಳೆಸಿಕೊಂಡು, ಕುದುರೆ ದನಗಳನ್ನು ಸಾಕಿಕೊಂಡು ನೆಲೆಯಾಗಿ ಬಾಳುತ್ತಿದ್ದರು. ಅವರಲ್ಲಿ ಸಿಕ್ವೋಯ ಎಂಬ ಅಸಾಧಾರಣ ಪುರುಷನು ೧೮೨೧ರಲ್ಲಿ ತನ್ನ ನುಡಿಗೆ ಒಂದು ಅಕ್ಷರಮಾಲೆಯನ್ನೇ ರಚಿಸಿಕೊಟ್ಟನು. ೧೮೨೮ರಲ್ಲಿ ಆ ಅಕ್ಷರಗಳಲ್ಲಿ ಒಂದು ವೃತ್ತಪತ್ರಿಕೆ ಹೊರಟಿತು. ಓಕ್ಲಹೋಮದಲ್ಲಿ ಅವನು ೧೮೨೯ರಲ್ಲಿ ಕಟ್ಟಿದ ದಿಮ್ಮಿಯ ಮನೆಯನ್ನು ಈಗಲೂ ಕಾಪಾಡಿದ್ದಾರೆ. ಆದರೆ ಪೂರ್ವದಲ್ಲಿ ಉಳಿದಿದ್ದ ಅವನ ಜನರ ಗತಿಯೇನಾಯಿತು? ೧೮೩೦ರಲ್ಲಿ ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಸಾಗಿಸುವ ಶಾಸನವಾಯಿತು. ಅದಕ್ಕೆ ರುಜುಹಾಕಿದ ಆಂಡ್ರೂ ಜ್ಯಾಕ್ಸನ್ನನೇ ದಿಮ್ಮಿಯ ಮನೆಯಲ್ಲಿ ಹುಟ್ಟಿ ಅಧ್ಯಕ್ಷನಾದವರಲ್ಲಿ ಮೊದಲನೆಯವನು. ೧೮೩೮ರಲ್ಲಿ ಸೈನಿಕರು ಬಂದು ಚೆರೋಕೀ ಕುಟುಂಬಗಳನ್ನು ಅವರ ದಿಮ್ಮಿಯ ಮನೆಗಳಿಂದಲೇ ಹೊರಡಿಸಿದರು. ಆ ಪ್ರಯಾಣದಲ್ಲಿಯೂ ಅದಕ್ಕೆ ಮುಂಚೆ ಕೂಡಿಹಾಕಿದ ಶಿಬಿರಗಳಲ್ಲಿಯೂ ಸುಮಾರು ನಾಲ್ಕು ಸಾವಿರ ಮಂದಿ ಸತ್ತರೆಂದು ಅಂದಾಜು. ಕಾಡನ್ನು ನಾಡುಮಾಡಿದವನಿಗೆ ನೆಲ ಸಲ್ಲುವುದೆಂಬುದು ನಿಜವಾದ ನ್ಯಾಯವಾಗಿದ್ದರೆ ಆ ನೆಲ ಚೆರೋಕೀಯರಿಗೇ ಸಲ್ಲಬೇಕಾಗಿತ್ತು.

ಮನೆಯ ಮಾತನ್ನು ಇಲ್ಲಿ ನಿಲ್ಲಿಸಿ ಮತ್ತೆ ಕುದುರೆಯ ಕಡೆಗೆ ಬರೋಣ. ಒಂದು ಮನೆಗೆ ಐವತ್ತು ಮರ ಎಳೆದ ಕುದುರೆಯಿಂದ ಕಾಡಿಗೆ ಕೇಡಾಗಲಿಲ್ಲ. ಆದರೆ ಅಂತರ್ಯುದ್ಧದ ನಂತರ ಪಟ್ಟಣಗಳೂ ರೈಲುದಾರಿಗಳೂ ಬೆಳೆದಂತೆ ಹಲಗೆಗೆ ಮಿತಿಯಿಲ್ಲದ ಬೇಡಿಕೆ ಬಂದಿತು. ಅದೇ ಕುದುರೆ ಅದೇ ಕೊರಳಪಟ್ಟಿಯನ್ನು ತೊಟ್ಟು ಮಾರುಕಟ್ಟೆಯ ಸರಪಳಿಗೆ ಹೂಡಲ್ಪಟ್ಟಿತು. ಮಿಷಿಗನ್, ವಿಸ್ಕಾನ್ಸಿನ್, ಮಿನ್ನೆಸೋಟ ಪ್ರಾಂತಗಳ ಬಿಳಿ ಪೈನ್ ಕಾಡುಗಳಲ್ಲಿ ಚಳಿಗಾಲದ ಶಿಬಿರಗಳು ಎದ್ದುವು. ಕೆಲಸಗಾರರು ಮಲಗುವ ಕೊಠಡಿಯೂ ದಿಮ್ಮಿಯದೇ. ಕುದುರೆಯ ಲಾಯವೂ ದಿಮ್ಮಿಯದೇ. ಇಡೀ ಶಿಬಿರದಲ್ಲಿ ಅಡಿಗೆಯವರನ್ನು ಬಿಟ್ಟರೆ ಎಲ್ಲರಿಗಿಂತ ಮೊದಲು ಏಳಬೇಕಾದವನು ಕುದುರೆ ಹೊಡೆಯುವವನು. ಬೆಳಕು ಹರಿಯುವುದಕ್ಕೆ ಬಹಳ ಮುಂಚೆಯೇ ಕುದುರೆಗೆ ಮೇವು ಹಾಕಿ, ಮೈಯುಜ್ಜಿ, ಸಜ್ಜು ತೊಡಿಸಬೇಕಾಗಿತ್ತು.

ಅಲ್ಲಿ ಕಂಡುಹಿಡಿದ ಒಂದು ಉಪಾಯ ಬಹಳ ಚಮತ್ಕಾರವಾದುದು. ರಾತ್ರಿಯ ಹೊತ್ತು ನೀರಿನ ತೊಟ್ಟಿಯನ್ನು ಹೊತ್ತ ಜಾರುಗಾಡಿಯನ್ನು ದಾರಿಯುದ್ದಕ್ಕೂ ಎಳೆಸಿ ನೀರು ಸುರಿಸುತ್ತಿದ್ದರು. ಬೆಳಗಾಗುವುದರೊಳಗೆ ಅದು ಕಲ್ಲಿನಂಥ ಮಂಜುಗಡ್ಡೆಯ ಹಳಿಯಾಗುತ್ತಿದ್ದಿತು. ಅದರ ಮೇಲೆ ಎರಡು ಕುದುರೆಗಳು ಊಹೆಗೆ ಮೀರಿದ ಹೇರನ್ನು ಎಳೆಯುತ್ತಿದ್ದುವು. ಇಳಿಜಾರಿನಲ್ಲಿ ಹೇರು ಕುದುರೆಯ ಮೇಲೆ ನುಗ್ಗದಂತೆ ಹುಲ್ಲನ್ನೋ ಬಿಸಿ ಮರಳನ್ನೋ ಚೆಲ್ಲುವುದಕ್ಕೆ ಒಬ್ಬನಿರುತ್ತಿದ್ದನು. ಅವನು ಸ್ವಲ್ಪ ಮರೆತರೆ ಕುದುರೆಗಳಿಗೂ ಹೊಡೆಯುವವನಿಗೂ ಅದೇ ಕೊನೆಯ ಪ್ರಯಾಣ. ೧೮೯೩ರ ಚಳಿಗಾಲದಲ್ಲಿ ಮಿಷಿಗನ್ನಿನ ಉತ್ತರಭಾಗದಲ್ಲಿ ಐವತ್ತು ಬಿಳಿ ಪೈನ್ ದಿಮ್ಮಿಗಳ ಒಂದು ಹೇರನ್ನು ಕಟ್ಟಿ ಎರಡು ಕುದುರೆಗಳಿಂದ ಎಳೆಸಿದರು. ನಾಟದ ವ್ಯಾಪಾರದಲ್ಲಿ ಒಂದಡಿ ಚೌಕ, ಒಂದಂಗುಲ ದಪ್ಪದ ಹಲಗೆಯನ್ನು ಒಂದು ಮಾನವೆಂದು ಎಣಿಸುತ್ತಾರೆ. ಆ ಹೇರಿನಲ್ಲಿ ಅಂಥವು ೩೬,೦೫೫ ಇದ್ದುವೆಂದು ಲೆಕ್ಕ. ನಾವು ಮೇಲೆ ವರ್ಣಿಸಿದಂಥ ಐದಾರು ಮನೆಗಳ ಗೋಡೆಗಳಿಗೆ ಸಾಲುವಷ್ಟು ಮರ, ಒಂದೇ ಹೇರು. ಅದನ್ನು ರೈಲಿನಲ್ಲಿ ಷಿಕಾಗೋ ನಗರದ ವಿಶ್ವಪ್ರದರ್ಶನಕ್ಕೆ ಒಯ್ದು ಮೊದಲಿದ್ದಂತೆಯೇ ಪೇರಿಸಿ ನಿಲ್ಲಿಸಿದರು. ಅದೇ ಪ್ರದರ್ಶನದ ಅಂಗವಾಗಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ನೆರೆದ ಸರ್ವಧರ್ಮ ಸಮ್ಮೇಳನದಲ್ಲಿಯೇ ವಿವೇಕಾನಂದರು ಮಾತನಾಡಿದ್ದು. ಲಕ್ಷಾಂತರ ಜನ ನೋಡಿ ಬೆರಗಾದ ಆ ಹೇರು ಒಂದು ಅರಣ್ಯದ ವೈಭವವನ್ನು ತೋರಿಸುವುದಕ್ಕಾಗಿ ಇಟ್ಟದ್ದು. ಇಂದು ನೋಡಿದರೆ ಅದು ಆ ಅರಣ್ಯದ ಉತ್ತರಕ್ರಿಯೆಯಂತೆ ಕಾಣುತ್ತದೆ. ಮುಂದಿನ ಇಪ್ಪತ್ತು ವರ್ಷಗಳೊಳಗೆ ಮಿಷಿಗನ್ನಿನ ಮಹಾಪೈನುಗಳು ಬಹುಮಟ್ಟಿಗೆ ಮುಗಿದುಹೋದುವು.

ಮರ ಹೋದದ್ದಷ್ಟೇ ಅಲ್ಲ. ಕಡಿದವರು ಒಯ್ದದ್ದು ದಿಮ್ಮಿಯನ್ನು. ಬಿಟ್ಟುಹೋದದ್ದು ಕೊಂಬೆ, ತುದಿ, ತೊಗಟೆ, ಸೊಪ್ಪುಗಳ ರಾಶಿ. ಬೇಸಗೆ ಬಂದಾಗ ಅದು ಮದ್ದಿನಂತೆ ಒಣಗುತ್ತಿದ್ದಿತು. ೧೮೭೧ರ ಅಕ್ಟೋಬರ್ ೮ರ ರಾತ್ರಿ ವಿಸ್ಕಾನ್ಸಿನ್ನಿನ ಪೆಷ್ಟಿಗೋ ಎಂಬ ನಾಟದ ಊರಿಗೆ ಕಾಡಿನ ಬೆಂಕಿ ಬಿರುಗಾಳಿಯೊಡನೆ ನುಗ್ಗಿತು. ಆ ಪ್ರದೇಶದಲ್ಲಿ ಸತ್ತವರು ೧೨೦೦ಕ್ಕೆ ಕಡಮೆಯಿಲ್ಲ; ನದಿಯ ನೀರಿನಲ್ಲಿ ಮುಳುಗಿ ನಿಂತು ಕೆಲವರು ಬದುಕಿಕೊಂಡರು. ಅದೇ ರಾತ್ರಿ ಷಿಕಾಗೋ ನಗರವೂ ಹತ್ತಿಕೊಂಡು ಸುಮಾರು ಮುನ್ನೂರು ಮಂದಿ ಸತ್ತರು. ಷಿಕಾಗೋ ದೊಡ್ಡ ಊರಾದುದರಿಂದ ಲೋಕವೆಲ್ಲ ಅದನ್ನು ನೆನಪಿನಲ್ಲಿಟ್ಟಿತು, ಪೆಷ್ಟಿಗೋವನ್ನು ಮರೆಯಿತು. ಸುಟ್ಟ ಷಿಕಾಗೋವನ್ನು ಮತ್ತೆ ಕಟ್ಟುವುದಕ್ಕೆ ಬೇಕಾದ ನಾಟವನ್ನೂ ಅದೇ ಕಾಡುಗಳೇ ಕೊಟ್ಟುವು. ಕಾಡು ಹೋದ ನೆಲದಲ್ಲಿ ಬೇಸಾಯ ಮಾಡುವೆವೆಂದು ಬಂದ ರೈತರು ಮರಳು ನೆಲದಲ್ಲಿ ಬೆಳೆಗಾಣದೆ, ಕಂದಾಯ ಕಟ್ಟಲಾರದೆ, ಜಮೀನುಗಳನ್ನು ಸರ್ಕಾರಕ್ಕೆ ಬಿಟ್ಟುಹೋದರು. ಈಗಿನ ಸರ್ಕಾರಿ ಅರಣ್ಯಗಳಲ್ಲಿ ಹಲವು ಹಾಗೆ ಬಿಟ್ಟ ನೆಲದಲ್ಲಿ ಮತ್ತೆ ಬೆಳೆದವು. ೧೯೨೭ರಲ್ಲಿ ಕ್ಯಾರೆನ್ ಹಾರ್ಟ್‌ವಿಕ್ ಎಂಬ ಮಹಿಳೆ, ನಾಟದ ವ್ಯಾಪಾರದ ಮನೆತನದವಳೇ, ಉಳಿದಿದ್ದ ಒಂದು ತುಂಡು ಹಳೆಯ ಕಾಡನ್ನು ಮಿಷಿಗನ್ ಸರ್ಕಾರಕ್ಕೆ ದಾನಮಾಡಿದಳು. ಅದರಲ್ಲಿ ಬಿರುಗಾಳಿಗೆ ಬಿದ್ದುದು ಹೋಗಿ ಉಳಿದಿರುವ ಪುರಾತನ ಪೈನಿನ ತೋಪು ಸುಮಾರು ೪೯ ಎಕರೆ.

ಕುದುರೆಯ ಕಾಲವೂ ಮುಗಿಯಿತು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಕುದುರೆ ಹೇಸರಗತ್ತೆಗಳು ಎರಡೂವರೆ ಕೋಟಿಗೂ ಮೀರಿದ್ದುವು. ೧೯೬೦ರ ವೇಳೆಗೆ ಸುಮಾರು ಮೂವತ್ತು ಲಕ್ಷಕ್ಕೆ ಇಳಿದುವು. ಕಾಡಿನ ಕೆಲಸ ಯಂತ್ರಗಳ ಪಾಲಾಯಿತು. ಅತ್ತ ದಿಮ್ಮಿಯ ಮನೆ ಬಡವನ ಆಸರೆಯಾಗಿದ್ದುದು ಹೋಗಿ ಹಣವಂತರ ವಿನೋದವಾಯಿತು. ಯೆಲ್ಲೋಸ್ಟೋನ್ ಉದ್ಯಾನದಲ್ಲಿ ೧೯೦೪ರಲ್ಲಿ ಪ್ರವಾಸಿಗರಿಗಾಗಿ ತೆರೆದ ಭಾರಿ ದಿಮ್ಮಿಯ ವಸತಿಗೃಹ ಇದಕ್ಕೆ ಹೆಸರಾದ ನಿದರ್ಶನ.

ಆದರೂ ಕುದುರೆ ಕಾಡನ್ನು ಸಂಪೂರ್ಣವಾಗಿ ಬಿಟ್ಟುಹೋಗಿಲ್ಲ. ಅಮೆರಿಕದಲ್ಲಿಯೂ ಯೂರೋಪಿನ ಹಲವು ದೇಶಗಳಲ್ಲಿಯೂ ಅಲ್ಲಲ್ಲಿ ಕೆಲವರು ಇಂದಿಗೂ ಕುದುರೆಯಿಂದಲೇ ಮರ ಎಳೆಸುತ್ತಾರೆ. ಇದು ಬರಿಯ ಹಳೆಯದರ ಹಂಬಲವಲ್ಲ. ಹದಿನೈದು ಇಪ್ಪತ್ತು ಟನ್ ತೂಗುವ ಯಂತ್ರ ಕಾಡಿನೊಳಗೆ ಹೋಗಬೇಕಾದರೆ ಅಗಲವಾದ ದಾರಿ ಬೇಕು. ಅದರ ಚಕ್ರದಡಿಯಲ್ಲಿ ಮಣ್ಣು ಅದುಮಿಹೋಗಿ ಬೇರಿಗೆ ನೀರೂ ಗಾಳಿಯೂ ಸಿಕ್ಕುವುದಿಲ್ಲ. ಕುದುರೆ ಎರಡು ಮರಗಳ ನಡುವೆ ನುಸುಳಿ ಬೇಕಾದ ಒಂದೇ ಮರವನ್ನು ಹೊರಕ್ಕೆ ತರಬಲ್ಲುದು. ಅದು ತರುವುದು ಕೊಂಚ. ಆದರೆ ಅದು ಹೋದ ಮೇಲೆ ಕಾಡು ಕಾಡಾಗಿಯೇ ಇರುತ್ತದೆ.

ನಮ್ಮ ನಾಡಿನಲ್ಲಿ ಈ ಕೆಲಸ ಕುದುರೆಯ ಪಾಲಿಗೆ ಬರಲಿಲ್ಲ. ಆನೆಯ ಪಾಲಿಗೆ ಬಂದಿತು. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ ೧೮೭೪ರಲ್ಲಿ ಮೈಸೂರು ಸೀಮೆಯಲ್ಲಿ ಖೆಡ್ಡಾ ಕ್ರಮವನ್ನು ಸಾಧಿಸಿದಂದಿನಿಂದ ೧೯೭೧ರಲ್ಲಿ ಕೊನೆಯ ಖೆಡ್ಡಾ ನಡೆಯುವವರೆಗೂ ಕಾಕನಕೋಟೆಯ ಹೆಸರು ಲೋಕಪ್ರಸಿದ್ಧವಾಗಿದ್ದಿತು. ದೊರೆಗಳೂ ವೈಸರಾಯರೂ ಕುಳಿತು ನೋಡಿದ ಆ ದೃಶ್ಯದ ವರ್ಣನೆಗಳು ಬೇಕಾದಷ್ಟಿವೆ. ಹಿಡಿದ ಆನೆ ಆಮೇಲೆ ಕಾಡಿನಲ್ಲಿ ವರ್ಷಗಟ್ಟಲೆ ತೇಗ ಬೀಟೆಗಳ ದಿಮ್ಮಿಗಳನ್ನು ಎಳೆದುದರ ವರ್ಣನೆ, ಅದರೊಡನೆ ಬಾಳಿದ ಜೇನುಕುರುಬ ಮಾವುತರ ಮತ್ತು ಕಾವಾಡಿಗಳ ವಿದ್ಯೆಯ ವರ್ಣನೆ, ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ನಮ್ಮ ಹಳೆಯ ಮನೆಗಳ ತೇಗದ ಕಂಬಗಳನ್ನು ನೋಡಿದಾಗ ಕೆತ್ತಿದ ಶಿಲ್ಪಿಯನ್ನು ಹೊಗಳುತ್ತೇವೆ, ಕಟ್ಟಿಸಿದ ಯಜಮಾನನನ್ನು ಸ್ಮರಿಸುತ್ತೇವೆ. ಆ ಕಂಬ ಬೆಟ್ಟದಿಂದ ಇಳಿದು ಬಂದುದು ಯಾರ ಹೆಗಲಿನಿಂದ ಎಂದು ಕೇಳುವುದಿಲ್ಲ.

ಚರಿತ್ರೆಯ ಪ್ರಯೋಜನವಿರುವುದು ಇಂಥ ಪ್ರಶ್ನೆಯನ್ನು ಕೇಳಿಸುವುದರಲ್ಲಿ. ದಿಮ್ಮಿಯ ಮನೆಯಿಂದ ಹೊರಟು ಅಧ್ಯಕ್ಷಪದವಿಗೆ ಏರಿದವನ ಸಾಹಸಕ್ಕೆ ನಾವು ಗೌರವ ಸಲ್ಲಿಸಬೇಕಾದದ್ದೇ. ಲಿಂಕನ್ನನ ಹಿರಿಮೆ ಇದರಿಂದ ಕಿಂಚಿತ್ತೂ ಕುಂದುವುದಿಲ್ಲ. ಅವನೇ ಮುಂದೆ ಗುಲಾಮರ ಬಾಗಿಲಿನಲ್ಲಿ ನಿಂತಿದ್ದ ಆ ಲೆಕ್ಕದ ಪುಸ್ತಕವನ್ನು ಕಿತ್ತೆಸೆಯಲು ಕಾರಣನಾದವನು. ಆದರೆ ಆ ಮನೆಯ ಗೋಡೆಯಲ್ಲಿ ಫಿನ್ನರ ಕಚ್ಚಿದೆ, ನೆರೆಯವರ ಭುಜಬಲವಿದೆ, ಎತ್ತು ಕುದುರೆಗಳ ಬೆವರಿದೆ, ಮೂಲನಿವಾಸಿಗಳ ಕಾಡಿದೆ. ಇವುಗಳಲ್ಲಿ ಒಂದನ್ನು ತೆಗೆದರೂ ಮನೆ ನಿಲ್ಲುತ್ತಿರಲಿಲ್ಲ. ಒಬ್ಬನೇ ಕಟ್ಟಿದ ಮನೆಯೆಂಬುದು ಲೋಕದಲ್ಲಿ ಇಲ್ಲ. ಹಾಗೆಂದು ತಿಳಿದವನು ಸಾಲವನ್ನು ಒಪ್ಪಿಕೊಳ್ಳುತ್ತಾನೆ. ಸಾಲವನ್ನು ಒಪ್ಪಿಕೊಂಡವನು ಕಾಡಿನಿಂದ ಎಷ್ಟು ತರಬಹುದು, ಎಷ್ಟನ್ನು ಬಿಟ್ಟುಬರಬೇಕು ಎಂಬ ಅಳತೆಯನ್ನೂ ಕಲಿಯುತ್ತಾನೆ.